ದೊಡ್ಡ ಹಗಲು, ಅಪ್ಪನ ಬಡಿಗೆ

ನಮ್ಮ ಮನೆಯ ನಡುಬಾಗಿಲ ಹಿಂದೆ ಒಂದು ಬಡಿಗೆ ನಿಂತಿದೆ. ಬಿದಿರಿನದು. ತುದಿಗೆ ಹಿತ್ತಾಳೆಯ ಕಟ್ಟು, ಹಿಡಿಯುವ ಕಡೆ ಅಂಗೈ ತಿಕ್ಕಿ ತಿಕ್ಕಿ ಎಣ್ಣೆ ಸವರಿದಂಥ ಹೊಳಪು. ನಮ್ಮಪ್ಪನದು. ಅಪ್ಪ ಹೋದ ಮೇಲೆ ಅದಕ್ಕೂ ನಿವೃತ್ತಿ ಸಿಗಬೇಕಿತ್ತು, ಸಿಗಲಿಲ್ಲ. ಕಚೇರಿಯಲ್ಲಿ ಪಾಪದ ಗುಮಾಸ್ತ ಒಬ್ಬ ಸಿಕ್ಕರೆ ಅವನ ತಲೆಗೇ ಎಲ್ಲ ಟೇಬಲ್ಲಿನ ಹೆಚ್ಚುವರಿ ಪ್ರಭಾರ ಕಟ್ಟುತ್ತಾರಲ್ಲ, ಹಾಗೆ ಈ ಬಡಿಗೆಗೂ ಕಟ್ಟಿದ್ದೇವೆ. ನುಗ್ಗೇಕಾಯಿ ಕೆಡವುವುದು ಅದೇ. ಜಂತಿಯ ಜೇಡರ ಬಲೆ ತೆಗೆಯುವುದು ಅದೇ. ಗಾಳಿಗೆ ಮುಖ ತಿರುವಿಕೊಂಡ ಟಿವಿಯ ತಟ್ಟೆಗೆ ಎರಡು ತಟ್ಟಿ ಬುದ್ಧಿ ಹೇಳುವುದೂ ಅದೇ. ಚಿಕ್ಕೋಡಿಯ ತಾಲೂಕು ಕಚೇರಿಯಲ್ಲಿ ಆಯುಷ್ಯ ಸವೆಸಿದ ನನಗೆ ಅದರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ವರ್ಷಕ್ಕೊಂದು ದಿನ ಅದನ್ನು ಸಕಲ ಕರ್ತವ್ಯಗಳಿಂದ ಬಿಡುಗಡೆಗೊಳಿಸಿ, ತೊಳೆದು, ಒರೆಸಿ, ಅಂಗಳದ ನಡುವೆ ನೆಟ್ಟಗೆ ನಿಲ್ಲಿಸುತ್ತೇವೆ. ಜೂನ್ ಇಪ್ಪತ್ತೊಂದಕ್ಕೆ. ಅಂದು ನಮ್ಮ ಮನೆಯಲ್ಲಿ 'ದೊಡ್ಡ ಹಗಲು'.

ಇಂಥ ಹಬ್ಬವನ್ನು ನೀವು ಕೇಳಿರಲಾರಿರಿ. ಅಥಣಿಯಿಂದ ನಿಪ್ಪಾಣಿಯವರೆಗೆ ಇದನ್ನು ಆಚರಿಸುವ ಮನೆ ನಾನು ಬಲ್ಲಂತೆ ನಮ್ಮದೊಂದೇ. ಪಂಚಾಂಗದಲ್ಲಿ ಇದಿಲ್ಲ. ಸರ್ಕಾರಿ ರಜೆಗಳ ಪಟ್ಟಿಯಲ್ಲಂತೂ ಇಲ್ಲ, ಅದನ್ನು ನಾನು ಆಸೆಯಿಂದ ಹುಡುಕಿದ್ದೇನೆ. ಈಚೆಗೆ ಅದೇ ದಿನ ಊರಿನವರೆಲ್ಲ ಮೈದಾನದಲ್ಲಿ ಚಾಪೆ ಹಾಸಿ ಕೈಕಾಲು ಎತ್ತುತ್ತಾರೆ. ಅದು ಬೇರೆ, ಇದು ಬೇರೆ. ನಮ್ಮಲ್ಲಿ ಆ ದಿನ ಮೈ ಬಗ್ಗುವುದು ಪೂರಿಯ ತಾಟಿನ ಮೇಲೆ ಮಾತ್ರ.

ಇದು ಹುಟ್ಟಿದ ಕಥೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಪ್ಪ ನಮ್ಮವ್ವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. 'ಏ' ಅಂದದ್ದೂ ಇಲ್ಲ. ಅಂಗಳದ ನಡುವೆ ಹಗ್ಗ ಹೆಣೆದ ಹೊರಸು ಹಾಕಿಕೊಂಡು ಕೂತಿರುತ್ತಿದ್ದ. ಅಂಗಳದ ದಕ್ಷಿಣಕ್ಕೆ ಅಡುಗೆಮನೆ, ಅದರ ಬಾಗಿಲಲ್ಲೊಂದು ಕಟ್ಟೆ, ಕಟ್ಟೆಯ ಮೇಲೆ ಅವ್ವ. ಅಪ್ಪನಿಗೆ ಚಹಾ ಬೇಕೆನಿಸಿದಾಗ ಬಡಿಗೆ ಎತ್ತಿ ಅವ್ವನ ಕಡೆ ತೋರಿಸುತ್ತಿದ್ದ. ಅಷ್ಟೇ. "ಬಾಯಿ ಇಲ್ಲೇನ್ರಿ ನಿಮಗ? ದನಾ ಹೊಡದಂಗ ಬಡಿಗಿ ಎತ್ತತೀರಲಾ!" ಎಂದು ಅವ್ವ ಗದರುತ್ತಿದ್ದಳು. ಗದರುವಾಗಲೇ ಒಳಗೆ ನೀರು ಕುದಿಯುತ್ತಿರುತ್ತಿತ್ತು. ಬಡಿಗೆ ಏಳುವುದಕ್ಕೆ ಮೊದಲೇ ಚಹಾ ಒಲೆಯ ಮೇಲಿರುತ್ತಿತ್ತು ಎನ್ನುವುದು ಅಪ್ಪನಿಗೂ ಗೊತ್ತು, ಅವ್ವನಿಗೂ ಗೊತ್ತು. ಆದರೂ ಆ ವಿಧಿ ತಪ್ಪುತ್ತಿರಲಿಲ್ಲ. ದಿನಕ್ಕೆ ಎಷ್ಟು ಸಲ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಸಕ್ಕರೆಯ ಡಬ್ಬಿ ತುಂಬಿದ್ದನ್ನು ಕಂಡವರಿಲ್ಲ.

ಅಪ್ಪ ಮಾತಿನಲ್ಲಿ ಜಿಪುಣ, ಆದರೆ ಆಡಿದ ಮಾತು ಬಾಳಿಕೆ ಬರುತ್ತಿತ್ತು. ನಾನು ಸಣ್ಣವನಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಎಲ್ಲ ಹುಡುಗರಂತೆ ನಾನೂ ಹಳ್ಳದ ಮಣ್ಣು ತಂದು ಎತ್ತು ಮಾಡಿದೆ. ಓಣಿಯ ಹುಡುಗರ ಎತ್ತುಗಳು ಕೊಂಬು ಮಸೆದು ನಿಂತಿದ್ದವು. ನನ್ನದು ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಕಿವಿ ಜೋಲು ಬಿಟ್ಟು, ಹಂದಿಯೋ ಆಮೆಯೋ ಎಂದು ತೀರ್ಮಾನಿಸಲಾಗದಂತೆ ಕೂತಿತ್ತು. ಹುಡುಗರು ನಕ್ಕರು. ನಾನು ಅಳು ನುಂಗುತ್ತ ಅಪ್ಪನ ಮುಂದೆ ಹಿಡಿದೆ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ, ಪೇಟೆಯಲ್ಲಿ ಎತ್ತು ಕೊಳ್ಳುವವನ ಹಾಗೆ ಬಾಯಿಯ ಜಾಗ ಅಗಲಿಸಿ ನೋಡಿ, "ಉಂಡ ಎತ್ತು. ಕುಂತೈತಿ" ಅಂದ. ಅಂದಿನಿಂದ ಇಂದಿನವರೆಗೆ ನಾನು ಮಾಡಿದ ಯಾವ ಕೆಲಸಕ್ಕೂ ಅಷ್ಟು ಒಳ್ಳೆಯ ಷರಾ ಯಾವ ಸಾಹೇಬನೂ ಬರೆದಿಲ್ಲ.

ಅಂಥ ಅಪ್ಪ ಒಂದು ಮಾಘಮಾಸದಲ್ಲಿ, ಜೋಳದ ರಾಶಿ ಮನೆಗೆ ಬಂದ ಮೇಲೆ, ತೀರಿಕೊಂಡ. ಬಡಿಗೆಯನ್ನು ಬಾಗಿಲ ಹಿಂದೆ ಇಟ್ಟು ಮಲಗಿದವನು ಮತ್ತೆ ಅದನ್ನು ಹಿಡಿಯಲಿಲ್ಲ. ಅವ್ವ ಅವತ್ತಿನಿಂದ ಚಹಾ ಬಿಟ್ಟಳು. ಯಾರೂ ಬಿಡಿಸಲಿಲ್ಲ, ಅವಳೇ ಬಿಟ್ಟಳು. ಅದೇ ಕಟ್ಟೆಯ ಮೇಲೆ ಬೆಳಗಿನಿಂದ ಬೈಗಿನವರೆಗೆ ಕೂತಿರುತ್ತಿದ್ದಳು. ಅಡುಗೆಮನೆಗೆ ಬೆನ್ನು ಮಾಡಿ ಕೂತವಳು ಒಳಕ್ಕೆ ಕಾಲಿಡುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಸೊಸೆಯನ್ನು ಬೈಯುತ್ತಿರಲಿಲ್ಲ. ನನ್ನ ಹೆಂಡತಿ ಶಾಲನ್‌ಗೆ ಗಾಬರಿ ಹುಟ್ಟಿಸಿದ್ದು ಇದೇ. ಅವಳು ಗಡಿಯ ಕೊಗನೊಳ್ಳಿಯವಳು. ಗಾಬರಿಯಾದಾಗ ಅರ್ಧ ಮಾತು ಮರಾಠಿಗೆ ಹೊರಳುತ್ತದೆ. "ಅಹೋ, ಅತ್ಯಾರು ಮೂರು ತಿಂಗಳಾತು ನನಗ ಒಂದ್ ಮಾತ ಬೈದಿಲ್ಲ. ಮಲಾ ಭೀತಿ ವಾಟತೇ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅತ್ತೆ ಬೈಯಲಿಲ್ಲವೆಂದು ಹೆದರುವ ಸೊಸೆ ಸಿಕ್ಕಿದ್ದು ನನ್ನ ಪುಣ್ಯ.

ಇನ್ನು ನಮ್ಮ ಕಡೆಯ ಪದ್ಧತಿ. ಮನೆಯ ಹಿರಿಯರು ಹೋದರೆ ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬ ಇಲ್ಲ. ಹೂರಣ ಇಲ್ಲ, ಕರಿಯುವ ಕಡಾಯಿ ಒಲೆಯ ಮೇಲೆ ಏರುವಂತಿಲ್ಲ. ಹಬ್ಬದ ದಿನ ಓಣಿಯವರು ತಾಟಿನ ಮೇಲೆ ತಾಟು ಮುಚ್ಚಿ ಹೋಳಿಗೆ ತಂದು ಕೊಡುತ್ತಾರೆ. ಮಾಡುವಂತಿಲ್ಲ, ಆದರೆ ತಿನ್ನಬಹುದು: ಇಷ್ಟು ಅಂತಃಕರಣವುಳ್ಳ ನಿಯಮ ನಮ್ಮ ಕಚೇರಿಯ ಯಾವ ಸುತ್ತೋಲೆಯಲ್ಲೂ ಇಲ್ಲ. ಹೋಳಿ ಹುಣ್ಣಿಮೆ ಹೋಯಿತು, ಯುಗಾದಿ ಹೋಯಿತು. ತಾಟುಗಳು ಬಂದವು, ತೊಳೆದು ಮರಳಿ ಹೋದವು. ಕಾರಹುಣ್ಣಿಮೆಯ ದಿನ ಒಂದನೆಯ ಇಯತ್ತೆಯಲ್ಲಿದ್ದ ನಮ್ಮ ಮಗ ಸಾಗರ, ಪಕ್ಕದ ಮನೆಯ ಹೋಳಿಗೆಯನ್ನು ಪೂರ್ತಿ ತಿಂದು ಮುಗಿಸಿದ ಮೇಲೆ, "ಹೋಳಿಗಿ ಬಂತು, ವಾಸನಿ ಬರಲಿಲ್ಲ. ನಮ್ಮ ಮನ್ಯಾಗ ವಾಸನಿ ಯಾವಾಗ ಬರೂದು?" ಎಂದು ಕೇಳಿದ. ಕಟ್ಟೆಯ ಮೇಲೆ ಅವ್ವ ಸೆರಗು ಸರಿಮಾಡಿಕೊಂಡಳು.

ಉತ್ತರ ಹುಡುಕಿದವಳು ಅವನ ಅಕ್ಕ ಅಕ್ಷತಾ. ಐದನೆಯ ಇಯತ್ತೆ, ಎರಡು ಜಡೆ, ನಾಲಿಗೆ ಒಂದೇ ಆದರೂ ಮೂರರ ಕೆಲಸ. ಮರುದಿನ ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ನನ್ನ ಮುಂದೆ ನಿಂತಳು.

"ಅಪ್ಪಾ, ಜೂನ್ ಇಪ್ಪತ್ತೊಂದಕ್ಕ ವರ್ಷದಾಗ ಎಲ್ಲಾದಕಿಂತ ದೊಡ್ಡ ಹಗಲು. ನಮ್ಮ ಬಾಯಾರು ಹೇಳ್ಯಾರ." ಬಾಯಾರು ಎಂದರೆ ಅವರ ಟೀಚರು.

"ಇರಬಹುದವಾ."

"ಸಣ್ಣ ಸಣ್ಣ ದಿವಸಕ್ಕೆಲ್ಲಾ ಹಬ್ಬಾ ಮಾಡ್ತೀರಿ. ಎಲ್ಲಾದಕಿಂತ ದೊಡ್ಡ ದಿವಸಕ್ಕ ಏನೂ ಇಲ್ಲಂದ್ರ ಹೆಂಗ?"

ಉತ್ತರ ಹೊಳೆಯದಾಗ ಕಚೇರಿಯಲ್ಲಿ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. "ಪರಿಶೀಲಿಸೂಣು" ಅಂದೆ. ಹುಡುಗಿ ನನ್ನ ಮುಖ ನೋಡಿ, ಈ ಟೇಬಲ್ಲಿನಿಂದ ಏನೂ ಆಗುವುದಿಲ್ಲವೆಂದು ತಿಳಿದುಕೊಂಡು, ನೇರ ಮೇಲಧಿಕಾರಿಯ ಬಳಿ ಹೋದಳು. ಕಟ್ಟೆಯ ಬಳಿಗೆ, ತನ್ನ ಆಯಿಯ, ಎಂದರೆ ಅಜ್ಜಿಯ ಬಳಿಗೆ.

"ಆಯಿ, ದೊಡ್ಡ ಹಗಲಿಗಿ ಪೂರಿ ಮಾಡೂಣು?"

"ನಮಗ ಈ ವರ್ಷ ಹಬ್ಬ ಇಲ್ಲ ಬಾಳಾ. ಗೊತ್ತಿಲ್ಲೇನ ನಿನಗ?"

"ಇದು ಹಬ್ಬ ಅಲ್ಲಲಾ ಆಯಿ! ಪಂಚಾಂಗದಾಗಿಲ್ಲ. ದೇವರಿಲ್ಲ, ಪೂಜಿ ಇಲ್ಲ. ಬರೇ ಹಗಲು."

"ಮತ್ತ ಪೂರಿ ಎಡಿ ಯಾರಿಗಿ ಹಿಡೀತಿ?"

"ಸೂರ್ಯಾಗ."

"ಸೂರ್ಯಾ ದೇವರಲ್ಲೇನ?"

ಸಿಕ್ಕಿಬಿದ್ದಳು ಅಂದುಕೊಂಡೆ. ಹುಡುಗಿ ಜಡೆಯ ತುದಿ ಕಡಿಯುತ್ತ ಸ್ವಲ್ಪ ಯೋಚಿಸಿದಳು. "ಸಾಲ್ಯಾಗ ಅಂವ ನಕ್ಷತ್ರ, ಆಯಿ. ಮನಿಗಿ ಬಂದಮ್ಯಾಲ ಅಷ್ಟ ದೇವರು."

ಅವ್ವನ ತುಟಿಯ ತುದಿ ಒಂದಿಷ್ಟು ಅಲುಗಿತು. ಎಷ್ಟೋ ದಿನದ ಮೇಲೆ ಕಂಡ ಅಲುಗಾಟ. "ಆತು. ಯಾರ ದಿವಸನೋ ಅಂವ ಮೊದಲ ಬರಲಿ. ನಡುಹಗಲಿಗಿ ಅಂಗಳದಾಗ ಬಿಸಲ ಬಿದ್ರ ಕಡಾಯಿ ಇಡೂಣು. ಬೀಳಲಿಲ್ಲಂದ್ರ ಇಲ್ಲ."

ಮೇಲ್ನೋಟಕ್ಕೆ ಉದಾರವಾದ ಆದೇಶ. ಆದರೆ ನಮ್ಮ ಸೀಮೆ ಬಲ್ಲವರಿಗೆ ಅದರ ಹುನ್ನಾರ ತಿಳಿಯುತ್ತದೆ. ಮಿರಗದ, ಎಂದರೆ ಮೃಗಶಿರೆಯ, ಮಳೆ ಹಿಡಿದು ವಾರವಾಗಿತ್ತು. ಸೂರ್ಯನ ಮುಖ ಯಾವ ಕಡೆಗಿದೆ ಎಂಬುದು ಕೋಳಿಗಳಿಗೂ ಮರೆತುಹೋಗಿತ್ತು. ಅದೂ ಅಲ್ಲದೆ ಊರ ಹೊರಗಿನ ನಮ್ಮ ಹೊಲದಲ್ಲಿ ಸೋಯಾ, ಶೇಂಗಾ ಬಿತ್ತಿ ಆಗಿತ್ತು. ಮಳೆ ಹೀಗೇ ಹಿಡಿದಿರಲೆಂದು ಇಡೀ ತಾಲೂಕು ಮುಗಿಲು ನೋಡುತ್ತಿದ್ದಾಗ, ಬಿಸಿಲು ಬೇಕೆಂದು ಹರಕೆ ಹೊತ್ತವರು ನಮ್ಮ ಮನೆಯ ಈ ಇಬ್ಬರು ದ್ರೋಹಿಗಳು ಮಾತ್ರ. ಸಾಗರ ಮಾತ್ರ ಧರ್ಮಸಂಕಟಕ್ಕೊಂದು ದಾರಿ ಕಂಡುಕೊಂಡಿದ್ದ. ಬೆಳಗ್ಗೆ ಎದ್ದು ಕೈಮುಗಿದು, "ಸೂರ್ಯಪ್ಪಾ, ನಮ್ಮ ಅಂಗಳದಾಗಷ್ಟ ಬಾ. ಹೊಲದ ಕಡಿ ಹೋಗಬ್ಯಾಡ" ಎನ್ನುತ್ತಿದ್ದ.

ಅಕ್ಷತಾ ಇನ್ನೊಂದು ಸುದ್ದಿಯನ್ನೂ ತಂದಿದ್ದಳು. ಆ ದಿನ ನಡುಹಗಲಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನಂತೆ, ನೆರಳು ದಕ್ಷಿಣಕ್ಕೆ ಬೀಳುತ್ತದಂತೆ. ನಾನು ನಂಬಲಿಲ್ಲ. ಇಷ್ಟು ವರ್ಷ ಈ ಅಂಗಳದಲ್ಲಿ ಬಾಳಿದ ನನಗೆ ತಿಳಿಸದೆ ನೆರಳು ದಿಕ್ಕು ಬದಲಿಸುವುದುಂಟೆ? "ನೋಡೇ ಬಿಡೂಣು" ಅಂದೆ. ಅದಕ್ಕೊಂದು ಕೋಲು ಬೇಕಿತ್ತು. ನಾನು ಹಾರೆ ಹುಡುಕುತ್ತಿದ್ದೆ, ಹುಡುಗಿ ಹೋಗಿ ಬಾಗಿಲ ಹಿಂದಿನ ಬಡಿಗೆ ತಂದುಬಿಟ್ಟಳು.

ಆಗಿನ್ನೂ ಅದಕ್ಕೆ ನುಗ್ಗೇಕಾಯಿಯ ಪ್ರಭಾರ ಸಿಕ್ಕಿರಲಿಲ್ಲ. ಅಪ್ಪ ಇಟ್ಟಲ್ಲೇ ನಿಂತಿತ್ತು. ಕಸ ಹೊಡೆಯುವಾಗಲೂ ಶಾಲನ್ ಅದರ ಸುತ್ತ ಹೊಡೆಯುತ್ತಿದ್ದಳೇ ಹೊರತು ಸರಿಸುತ್ತಿರಲಿಲ್ಲ. ನಾವು ಗಂಡ ಹೆಂಡತಿ ಮುಖ ಮುಖ ನೋಡಿದೆವು. ಆಮೇಲೆ ಕಟ್ಟೆಯ ಕಡೆ ನೋಡಿದೆವು. ಅವ್ವ ಬಡಿಗೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, "ತುದಿಯ ಹಿತ್ತಾಳಿ ಕಳಚೀತು, ಹಗರಕ ಊರು" ಅಂದಳು. ಅಷ್ಟೇ.

ಆ ಸಲ ಇಪ್ಪತ್ತೊಂದು ಶನಿವಾರ ಬಂದಿತ್ತು. ಮಕ್ಕಳಿಗೆ ಬೆಳಗಿನ ಶಾಲೆ. ನಾನು ಅರ್ಧ ದಿನದ ರಜೆ ಕೇಳಲು ಸಾಹೇಬರ ಮುಂದೆ ನಿಂತೆ. "ಕಾರಣ?" ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ, "ಮನೆಯಲ್ಲಿ ಹಗಲು ದೊಡ್ಡದಿದೆ ಸಾಹೇಬರೆ" ಅಂದೆ. ಅವರು ಕನ್ನಡಕದ ಮೇಲಿಂದ ಬಹಳ ಹೊತ್ತು ನೋಡಿ, ಅಪ್ಪ ತೀರಿಕೊಂಡ ದುಃಖ ನನ್ನ ತಲೆಗೇರಿದೆ ಎಂದು ತಿಳಿದಿರಬೇಕು, "ಇಡೀ ದಿನಾನೇ ತಗೊಳ್ರಿ. ಮನ್ಯಾಗ ಆರಾಮ ಮಾಡ್ರಿ" ಅಂದರು. ಆ ಕರುಣೆಯನ್ನು ತಿರಸ್ಕರಿಸುವುದು ಶಿಸ್ತಾಗುತ್ತಿರಲಿಲ್ಲ.

ಸೂರ್ಯೋದಯಕ್ಕೆ ಮೊದಲೇ ಏಳಬೇಕು, ದಿನ ಹುಟ್ಟುವುದನ್ನೂ ಮುಳುಗುವುದನ್ನೂ ನೋಡಬೇಕು ಎಂಬುದು ಕಾರ್ಯಕ್ರಮ. ಎದ್ದೆವು. ಆದರೆ ಸೂರ್ಯ ಎದ್ದನೋ ಇಲ್ಲವೋ ಯಾರು ಬಲ್ಲರು? ನಮ್ಮ ಸಾಹೇಬರಂತೆ ಅವನೂ ಬಾಗಿಲು ಹಾಕಿಕೊಂಡು ಒಳಗೇ ಇದ್ದ. ಅಡುಗೆಮನೆಯಲ್ಲಿ ಇಣುಕಿದರೆ ಶಾಲನ್ ಆಗಲೇ ಗೋಧಿ ಹಿಟ್ಟು ಕಲಸುತ್ತಿದ್ದಳು.

"ಇನ್ನಾ ಆದೇಶ ಆಗಿಲ್ಲ" ಎಂದು ಎಚ್ಚರಿಸಿದೆ.

"ಹಿಟ್ಟು ಕಲಸಾಕ ನಿಮ್ಮ ಸೂರ್ಯಾನ ಪರವಾನಿಗಿ ಬೇಕೇನ್ರಿ? ಬಂದ್ರ ಪೂರಿ, ಬರಲಿಲ್ಲಂದ್ರ ಚಪಾತಿ. ಬಟಾಟಿ ಪಲ್ಯಾ ಎರಡಕ್ಕೂ ನಡೀತೈತಿ."

ರಾಜ್ಯ ನಡೆಸುವವರು ಇವಳಿಂದ ಕಲಿಯಬೇಕು.

ಶಾಲೆ ಮುಗಿಸಿ ಮಕ್ಕಳು ಓಡಿ ಬಂದರು. ಅಂಗಳದ ನಡುವೆ, ಯಾವ ಮಾಡಿನ ನೆರಳೂ ಬೀಳದ ಜಾಗ ಒಂದೇ ಇತ್ತು: ಅಪ್ಪ ಹೊರಸು ಹಾಕುತ್ತಿದ್ದ ಜಾಗ. ಮಳೆಗೆ ನೆನೆದ ಮಣ್ಣು, ಬಡಿಗೆ ಸಲೀಸಾಗಿ ಇಳಿಯಿತು. ಅಕ್ಷತಾ ದಾರಕ್ಕೆ ಕೀಲಿ ಕಟ್ಟಿ ಇಳಿಬಿಟ್ಟು ಅದು ನೆಟ್ಟಗಿದೆಯೋ ಇಲ್ಲವೋ ನೋಡಿದಳು. ನೆಟ್ಟಗಿತ್ತು. ಅಪ್ಪ ಇದ್ದಾಗಲೂ ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಹನ್ನೆರಡು ಬಡಿಯಿತು. ಮುಗಿಲು ಹಸಿ ಕಂಬಳಿ. "ನಿಗದಿತ ವೇಳೆಗೆ ಸಂಬಂಧಪಟ್ಟವರು ಹಾಜರಾಗದ ಕಾರಣ" ಎಂದು ನಾನು ಸಮಾಪ್ತಿಯ ಭಾಷಣ ಶುರುಮಾಡಿದೆ. ಅಕ್ಷತಾ ನನ್ನನ್ನು ನೋಡಲೂ ಇಲ್ಲ. ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು ಬಡಿಗೆಯ ಬುಡವನ್ನೇ ನೋಡುತ್ತಿದ್ದಳು. ಅವಳ ಕೆಳದುಟಿ ನಡುಗುತ್ತಿತ್ತು. ಅದನ್ನು ನೋಡಿ ನನ್ನ ಭಾಷಣವನ್ನು ಅಲ್ಲಿಗೇ ಮುಕ್ತಾಯಗೊಳಿಸಿದೆ. ಹುಡುಗಿಗೆ ಬೇಕಾಗಿದ್ದದ್ದು ಪೂರಿಯಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಮನೆಗೆ ವಾಸನೆ ಮರಳಿ ಬರಬೇಕಿತ್ತು. ಆಯಿ ಕಟ್ಟೆ ಬಿಟ್ಟು ಏಳಬೇಕಿತ್ತು. ಅದಕ್ಕೊಂದು ನೆಪ ಹುಡುಕಿ ಅವಳು ಭೂಗೋಳದ ಪುಸ್ತಕದವರೆಗೆ ಹೋಗಿದ್ದಳು. ನಾವು ದೊಡ್ಡವರು ಎಲ್ಲಿಗೂ ಹೋಗಿರಲಿಲ್ಲ.

ಹನ್ನೆರಡೂವರೆಯ ಆಸುಪಾಸು. ನಮ್ಮೂರಿನ ನಿಜವಾದ ನಡುಹಗಲು ಗಡಿಯಾರಕ್ಕಿಂತ ಅರ್ಧ ತಾಸು ತಡ ಎಂದು ಆಮೇಲೆ ತಿಳಿಯಿತು. ಸೂರ್ಯನೂ ಕೊನೆಗೆ ನಮ್ಮ ಕಡೆಯವನೇ. ನೆತ್ತಿಯ ಮೇಲಿನ ಮೋಡ ಸ್ವಲ್ಪ ಹರಿಯಿತು. ಮೊದಲು ಹಂಚಿನ ಮೇಲೆ, ಆಮೇಲೆ ಗೋಡೆಯ ಮೇಲೆ, ಆಮೇಲೆ ಅಂಗಳದಲ್ಲಿ ಹೊಸ ಬಿಸಿಲು ಹಾಸಿಕೊಂಡಿತು.

"ಬಂದಾ! ಬಂದಾ! ಆಯಿ, ಬಂದಾನ ನೋಡ!" ಸಾಗರ ಕುಣಿದ ರಭಸಕ್ಕೆ ನನ್ನ ಧೋತರದ ತುಂಬ ಕೆಸರು.

ಬಡಿಗೆಯ ಬುಡದಲ್ಲಿ ನೆರಳು ಮೂಡಿತ್ತು. ಅಂಗೈಯಷ್ಟು ಉದ್ದ, ಅಷ್ಟೇ. ಆದರೆ ಬಿದ್ದದ್ದು ದಕ್ಷಿಣಕ್ಕೇ. ಎಲ್ಲರ ಕಣ್ಣೂ ಅದು ತೋರಿಸಿದ ಕಡೆ ಹೊರಳಿತು. ಅಲ್ಲಿ ಅಡುಗೆಮನೆಯ ಬಾಗಿಲು. ಬಾಗಿಲಲ್ಲಿ ಕಟ್ಟೆ. ಕಟ್ಟೆಯ ಮೇಲೆ ಅವ್ವ.

ದಕ್ಷಿಣ ಹೋದವರ ದಿಕ್ಕು. ಅವ್ವ ಅತ್ತುಬಿಡುತ್ತಾಳೆ ಅಂದುಕೊಂಡೆ. ಶಾಲನ್ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವ್ವ ನೆರಳನ್ನು ನೋಡಿದಳು. ಅದರ ಗುಂಟ ಕಣ್ಣು ತನ್ನವರೆಗೆ ತಂದುಕೊಂಡಳು. ಮತ್ತೆ ಬಡಿಗೆಯನ್ನು ನೋಡಿದಳು.

"ನೋಡ್ರೋ, ನಿಮ್ಮ ಮುತ್ಯಾನ ಚಟಾ ನೋಡ್ರಿ! ಹೋದಮ್ಯಾಲೂ ಬಡಿಗಿ ನನ್ನ ಕಡೀನ! ಚಾ ಕೇಳಾಕತ್ತಾನ!" ಆಮೇಲೆ ಬಡಿಗೆಯ ಕಡೆಗೇ ತಿರುಗಿ, ಹಳೆಯ ದನಿಯಲ್ಲಿ, "ಬಾಯಿ ಇಲ್ಲೇನ್ರಿ ನಿಮಗ?" ಅಂದಳು.

ಹಾಗೆ ಅಂದವಳೇ ಮೊಣಕಾಲಿಗೆ ಕೈ ಊರಿ ಎದ್ದಳು. ಒಳಗೆ ಹೋದಳು. ಮಾಘದಿಂದ ಈಚೆ ಮೊದಲ ಸಲ ಅವಳ ಕೈಯಲ್ಲಿ ಚಹಾದ ಪಾತ್ರೆ ಸದ್ದು ಮಾಡಿತು. "ಸಕ್ಕರಿ ಡಬ್ಬಿ ಎಲ್ಲಿಟ್ಟೀಯ ಶಾಲನ್? ಅಡುಗಿ ಮನಿ ಐತೋ ಸಂತಿ ಐತೋ ಇದು?" ಎಂದು ಬೈದಳು. ಶಾಲನ್ ನನ್ನ ಕಡೆ ನೋಡಿ ಕಣ್ಣು ಒರೆಸಿಕೊಂಡು ನಕ್ಕಳು. ಬೈಗುಳಕ್ಕೆ ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ಅವ್ವ ಒಂದು ಕಪ್ ಚಹಾ ಬಡಿಗೆಯ ಬುಡದಲ್ಲಿಟ್ಟಳು, ಒಂದನ್ನು ತಾನು ಕುಡಿದಳು. ಬಡಿಗೆಯ ಕಪ್ ಸ್ವಲ್ಪ ಹೊತ್ತಿಗೆ ಬರಿದಾಗಿತ್ತು. ವಿಚಾರಣೆಯಲ್ಲಿ ಸಾಗರ, "ಮುತ್ಯಾ ನನಗಂತ ಬಿಟ್ಟಿದ್ದಾ" ಎಂದು ಹೇಳಿಕೆ ಕೊಟ್ಟ. ಅದನ್ನು ಒಪ್ಪಿಕೊಳ್ಳಲಾಯಿತು.

ಕಡಾಯಿ ಏರಿತು. "ಇದು ಹಬ್ಬ ಅಲ್ಲ ಮತ್ತ" ಎಂದು ಅವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. "ಹಸದ ಹುಡುಗೂರಿಗಿ ಪೂರಿ ಕರದ್ರ ಹಬ್ಬ ಆಗತೈತೇನ?" ಆಗುವುದಿಲ್ಲವೆಂದು ನಾವೆಲ್ಲ ತಲೆಯಾಡಿಸಿದೆವು. ಪೂರಿಗಳು ಎಣ್ಣೆಯಲ್ಲಿ ಸೂರ್ಯನಂತೆ ಉಬ್ಬಿ ಬಂದವು. ಉಬ್ಬದೆ ಚಪ್ಪಟೆ ಉಳಿದದ್ದಕ್ಕೆ ಮಕ್ಕಳು 'ಮೋಡ' ಎಂದು ಹೆಸರಿಟ್ಟು ನನ್ನ ತಾಟಿಗೆ ಹಾಕುತ್ತ ಹೋದರು. ಮನೆಯ ತುಂಬ, ಓಣಿಯ ತುಂಬ ವಾಸನೆ. ಇಷ್ಟು ದಿನ ಬಂದ ತಾಟುಗಳ ಋಣಕ್ಕೆ ಅವ್ವ ಪಕ್ಕದ ಮನೆಗೂ ಒಂದು ತಾಟು ಮುಚ್ಚಿ ಕಳಿಸಿದಳು. ಅವರು ಯಾವ ಹಬ್ಬವೆಂದು ಕೇಳಲಾರದೆ, ಕೇಳದೆ ಇರಲಾರದೆ ಒದ್ದಾಡಿದ್ದನ್ನು ಅಕ್ಷತಾ ಬಂದು ವರದಿ ಮಾಡಿದಳು.

ಊಟ ಮುಗಿಯುವುದರೊಳಗೆ ಮಳೆ ಬಂತು, ಹೊಲಕ್ಕೆ ಬೇಕಾದಂಥ ಮಳೆ. ಸೂರ್ಯ ಮುಳುಗುವುದನ್ನು ಯಾರೂ ನೋಡಲಿಲ್ಲ. ಅಷ್ಟು ದೊಡ್ಡ ಹಗಲನ್ನು ಕೊನೆಯವರೆಗೆ ಕಾಯುತ್ತೇನೆಂದ ಸಾಗರ, ಕೈಯಲ್ಲೊಂದು ಪೂರಿ ಹಿಡಿದು ಮಟಮಟ ಮಧ್ಯಾಹ್ನವೇ ನಿದ್ದೆ ಹೋಗಿದ್ದ.

ವರ್ಷ ತುಂಬಿತು. ಎಲ್ಲ ಹಬ್ಬಗಳೂ ಮರಳಿ ಬಂದವು, ಇದು ಮಾತ್ರ ಹೋಗಲಿಲ್ಲ. ಮರುವರ್ಷ ಶಾಲೆ ಶುರುವಾದ ಮೇಲೆ ಅವ್ವನೇ ಕೇಳಿದಳು: "ತಮ್ಮಾ, ಆ ದೊಡ್ಡ ಹಗಲು ಯಾವಾಗೋ?" ಬಡಿಗೆಗೆ ಹೆಚ್ಚುವರಿ ಪ್ರಭಾರ ವಹಿಸಿದ ಆದೇಶವೂ ಅವಳದೇ. "ಕೆಲಸಿಲ್ಲದ ನಿಂತ್ರ ಬಿದರಿಗಿ ಹುಳಾ ಹತ್ತತೈತಿ" ಅಂದಳು.

ನಾನು ಹೆಚ್ಚು ಪೂಜೆ ಮಾಡುವವನಲ್ಲ. ಆದರೆ ಈ ಭೂಮಿ ಸ್ವಲ್ಪ ವಾಲಿಕೊಂಡು ತಿರುಗುತ್ತದಂತಲ್ಲ, ಅದಕ್ಕೆ ಮಾತ್ರ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅದು ಶಿಸ್ತಾಗಿ ನೆಟ್ಟಗೆ ನಿಂತಿದ್ದರೆ ನೆರಳು ಎಂದೂ ದಕ್ಷಿಣಕ್ಕೆ ಬೀಳುತ್ತಿರಲಿಲ್ಲ, ನಮ್ಮವ್ವ ಆ ಕಟ್ಟೆಯಿಂದ ಏಳುತ್ತಿರಲಿಲ್ಲ. ಹೆಸರು ಗೊತ್ತಿದ್ದರೂ ಬರೆಯದೆ ಬಿಟ್ಟಿರುವ ಆ ಬಾಯಾರಿಗೂ ನಮ್ಮ ಮನೆಯ ಪೂರಿ ಸಲ್ಲಬೇಕು. ಒಂದು ಪಾಠ ಹೇಳಿ ಮನೆಗೆ ಹೋದವರಿಗೆ ಅದು ಯಾರ ಅಂಗಳದಲ್ಲಿ ಏನು ಮಾಡಿತೆಂದು ತಿಳಿಯುವುದೇ ಇಲ್ಲ.

ಮೊನ್ನೆಯ ದೊಡ್ಡ ಹಗಲಿನ ಮಾತು ಹೇಳಿ ಮುಗಿಸುತ್ತೇನೆ. ಅಕ್ಷತಾ ಈಗ ಅಥಣಿಯಲ್ಲಿ ಕಾಲೇಜು ಓದುತ್ತಾಳೆ. ಆ ದಿನಕ್ಕೆಂದೇ ಬಸ್ಸು ಹಿಡಿದು ಬಂದಿದ್ದಳು. ಸಾಗರನಿಗೆ ಮೀಸೆಯ ನೆರಳು ಬಂದಿದೆ. ಅವ್ವನ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಸಕು. ಆದರೂ ಕಟ್ಟೆಯ ಮೇಲೆ ಹಾಜರಿದ್ದಳು. ಬಡಿಗೆ ನೆಟ್ಟಿದ್ದೆವು. ಮುಗಿಲು ಮಾತ್ರ ಬಿಡಲೇ ಇಲ್ಲ. ಹನ್ನೆರಡೂವರೆ ದಾಟಿತು, ಒಂದೂ ಆಗುತ್ತ ಬಂತು.

"ಬಿತ್ತೇನ್ರೋ ನೆರಳು?" ಅವ್ವ ಕೇಳಿದಳು.

ಸಾಗರ ತಡೆಯಲಾರದೆ, "ಬಿದ್ದೈತಿ ಆಯಿ. ನಿನ್ನ ಕಡೀನ ಬಿದ್ದೈತಿ" ಅಂದ.

"ಸುಳ್ಳ ಹೇಳಬ್ಯಾಡೋ ಸಾಗ್ಯಾ. ಕಣ್ಣು ಹೋಗ್ಯಾವು, ತೊಗಲು ಹೋಗಿಲ್ಲ. ಬಿಸಲು ಬಿದ್ರ ನನಗ ತಿಳೀದಿಲ್ಲೇನು?"

ಸಾಗರ ತಲೆ ತಗ್ಗಿಸಿದ. ಅಕ್ಷತಾ ಮೆಲ್ಲಗೆ ಕೇಳಿದಳು: "ಹಂಗಾರ ಈ ವರ್ಷ ಇಲ್ಲೇನ ಆಯಿ?"

ಅವ್ವ ಆಗಲೇ ಮೊಣಕಾಲಿಗೆ ಕೈ ಊರಿದ್ದಳು.

"ಯಾಕಿಲ್ಲ? ಚಾಕ್ಕ ಇಡು. ಮೋಡ ಐತಂತ ನಿಮ್ಮ ಮುತ್ಯಾ ಒಂದ್ ದಿವಸಾರ ಚಾ ಬಿಟ್ಟಾನೇನು?"